ಹಳೆಯ ಜಾವಾ, ಹೊಸ ಜಾವಾ

ಕನ್ನಡದ ಅಧ್ಯಾಪಕನೊಬ್ಬ ಮೋಟಾರು ಸೈಕಲ್ಲಿನ ವಿಷಯವಾಗಿ ಮಾತನಾಡಲು ಕುಳಿತರೆ ಕೇಳುವವರಿಗೆ ಕೊಂಚ ಸೋಜಿಗವೆನಿಸಬಹುದು. ಪಂಪನನ್ನೂ ಹರಿಹರನನ್ನೂ ಬಿಟ್ಟು ಈತ ಪ್ಲಗ್ಗು ಪಿಸ್ಟನ್ನುಗಳ ಗೊಡವೆಗೆ ಏಕೆ ಹೋದ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೆ: ಪಂಪನ ಪಾಠ ಹೇಳಲು ನಾನು ದಿನವೂ ಹೋಗುತ್ತಿದ್ದುದೇ ಮೋಟಾರು ಸೈಕಲ್ಲಿನ ಮೇಲೆ. ನನ್ನ ಊರು ಅರಸೀಕೆರೆ ತಾಲ್ಲೂಕಿನ ಗಂಡಸಿ, ಕಾಲೇಜಿದ್ದುದು ಅರಸೀಕೆರೆಯಲ್ಲಿ. ಭಾನುವಾರ ಬಂತೆಂದರೆ, ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟದಿಂದ ನಾಲ್ಕಾರು ಪುಟ ನಕಲು ಮಾಡಿಕೊಂಡು, ಯಾವುದೋ ತೆಂಗಿನ ತೋಟದ ಬದುವಿನಲ್ಲಿ ಮುಖ ಕೆಳಗಾಗಿ ಬಿದ್ದಿರುವ ವೀರಗಲ್ಲನ್ನು ಹುಡುಕಿಕೊಂಡು ಹೊರಡುವುದು ನನ್ನ ಚಟವಾಗಿತ್ತು. ಆ ಅಲೆದಾಟಕ್ಕೂ ಅದೇ ವಾಹನ. ಹಾಗಾಗಿ ಈ ಯಂತ್ರದ ವಿಷಯದಲ್ಲಿ ಎರಡು ಮಾತು ಆಡುವ ಅಧಿಕಾರ ನನಗೆ ತಕ್ಕಮಟ್ಟಿಗಾದರೂ ಇದೆಯೆಂದು ಭಾವಿಸಿದ್ದೇನೆ.

ಈಗ ನಮ್ಮ ಮನೆಯಲ್ಲಿ ಜಾವಾ ಎಂಬ ಹೆಸರಿನ ಎರಡು ಗಾಡಿಗಳಿವೆ. ಒಂದು, 1966ರಲ್ಲಿ ಮೈಸೂರಿನಲ್ಲಿ ತಯಾರಾಗಿ, ಶಾಲಾ ಮೇಷ್ಟರಾಗಿದ್ದ ನಮ್ಮ ತಂದೆಯವರ ಕೈಗೆ 1970ರಲ್ಲಿ ಎರಡನೆಯ ಒಡೆತನಕ್ಕೆ ಬಂದದ್ದು. ಇನ್ನೊಂದು, ನನ್ನ ಮಗ 2019ರಲ್ಲಿ ಕೊಂಡದ್ದು. ಎರಡೂ ಒಂದೇ ಕೊಟ್ಟಿಗೆಯಲ್ಲಿ, ಕೊಬ್ಬರಿಯ ಚೀಲಗಳ ಪಕ್ಕದಲ್ಲಿ ನಿಲ್ಲುತ್ತವೆ. ಮನೆಗೆ ಬಂದವರೆಲ್ಲ ಒಂದು ಪ್ರಶ್ನೆ ಕೇಳದೆ ಹೋಗುವುದಿಲ್ಲ: ದೂರದ ಪ್ರಯಾಣಕ್ಕೆ ಇವೆರಡರಲ್ಲಿ ಯಾವುದು ಸುಖ, ಯಾವುದನ್ನು ನೆಚ್ಚಬಹುದು? ಬಹುಮಂದಿ ಉತ್ತರವನ್ನು ತಾವೇ ಸಿದ್ಧಮಾಡಿಕೊಂಡು ಬಂದಿರುತ್ತಾರೆ. ಹಿರಿಯರಾದರೆ ಹಳೆಯದೇ ಮೇಲೆನ್ನುತ್ತಾರೆ, ಹುಡುಗರಾದರೆ ಹೊಸದು. ನಾನು ಹಿರಿಯರ ಪಕ್ಷ ವಹಿಸುತ್ತೇನೆಂದು ಎಲ್ಲರೂ ನಿರೀಕ್ಷಿಸುತ್ತಾರೆ. ವಹಿಸಲಾರೆ, ಅದಕ್ಕೆ ಕಾರಣವೂ ಉಂಟು. ಅದನ್ನು ಹೇಳುವ ಮುನ್ನ ಈ ಹೆಸರಿನ ಪೂರ್ವೋತ್ತರವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು.

ಜಾವಾ ಎಂದೊಡನೆ ನಮ್ಮ ಜನಕ್ಕೆ ಇಂಡೋನೇಷ್ಯದ ದ್ವೀಪ ನೆನಪಾಗುತ್ತದೆ. ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರಗಳ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡುಕೊಂಡ. ತನ್ನ ಹೆಸರಿನ ಮೊದಲ ಅಕ್ಷರವನ್ನೂ ಆ ಸಂಸ್ಥೆಯ ಹೆಸರಿನ ಮೊದಲ ಅಕ್ಷರವನ್ನೂ ಸಂಧಿ ಮಾಡಿದ. ಝೆಕ್ಕರ ಬಾಯಲ್ಲಿ ಅದು 'ಯಾವಾ'. ರೋಮನ್ ಲಿಪಿಯನ್ನು ಇಂಗ್ಲಿಷಿನಂತೆ ಓದುವ ನಮ್ಮ ಬಾಯಲ್ಲಿ ಜಾವಾ ಆಯಿತು. ವಾಂಡರರ್ ಎಂದರೆ ಅಲೆಮಾರಿ. ಹೆಸರಿನ ಅರ್ಧಭಾಗದಲ್ಲೇ ಅಲೆದಾಟ ಅಡಗಿದೆ ಎಂಬುದು ನನ್ನಂಥವನಿಗೆ ಬಹಳ ಹಿಡಿಸಿದ ಸಂಗತಿ.

ಸುಖದ ಚರಿತ್ರೆಯೂ ಈ ಯಂತ್ರದ ಹೆಸರುಗಳಲ್ಲೇ ಇದೆ. ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇಲ್ಲದ ಗಾಡಿಗಳು ಆ ಕಾಲದಲ್ಲಿ ಸಾಮಾನ್ಯವಾಗಿದ್ದವು; ಸವಾರನ ಬೆನ್ನುಮೂಳೆಯೇ ಸ್ಪ್ರಿಂಗು. ಎರಡನೆಯ ಮಹಾಯುದ್ಧದ ವೇಳೆ, ಜರ್ಮನರು ದೇಶವನ್ನು ಆಕ್ರಮಿಸಿದ್ದಾಗ, ಜಾವಾ ಕಾರ್ಖಾನೆಯ ಎಂಜಿನಿಯರುಗಳು ಗುಟ್ಟಾಗಿ ಒಂದು ಹೊಸ 250 ಸಿ.ಸಿ. ಗಾಡಿಯನ್ನು ರೂಪಿಸುತ್ತಿದ್ದರು. 1946ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಅದು ಹೊರಬಂದಾಗ ಅದರ ಹಿಂದಿನ ಚಕ್ರಕ್ಕೂ ಸ್ಪ್ರಿಂಗುಗಳಿದ್ದವು. ಜನ ಅದನ್ನು 'ಪೇರಾಕ್' ಎಂದು ಕರೆದರು. ಝೆಕ್ ಭಾಷೆಯಲ್ಲಿ 'ಪೇರೊ' ಎಂದರೆ ಸ್ಪ್ರಿಂಗು. ಹಕ್ಕಿಯ ಗರಿಗೂ ಬರೆಯುವ ಲೇಖನಿಗೂ ಅದೇ ಪದವಂತೆ. 1954ರಲ್ಲಿ ಬಂದ ಮುಂದಿನ ಮಾದರಿಯಲ್ಲಿ ಹಿಂದಿನ ಚಕ್ರವನ್ನು ತೂಗುವ ತೋಳಿನ ಮೇಲೆ ಕೂರಿಸಿದರು. ಅದಕ್ಕೆ ಜನ ಕೊಟ್ಟ ಹೆಸರು 'ಕೀವಾಚ್ಕಾ', ತೂಗಾಡುವಂಥದು ಎಂದು ಅರ್ಥ. ನೋಡಿ, ಯಂತ್ರದ ಬಲವನ್ನಾಗಲೀ ವೇಗವನ್ನಾಗಲೀ ಯಾರೂ ಹೆಸರಿಸಲಿಲ್ಲ. ಬೆನ್ನಿಗೆ ಸಿಕ್ಕಿದ ಬಿಡುಗಡೆಯನ್ನು ಹೆಸರಿಸಿದರು. ನಮ್ಮ ತಂದೆಯವರು ಕೊಂಡದ್ದು ಈ ತೂಗಾಡುವ ಗಾಡಿಯ ಮೈಸೂರಿನ ಅವತಾರವನ್ನೇ.

ಮೈಸೂರಿಗೆ ಅದು ಬಂದ ಬಗೆಯೂ ಸ್ವಾರಸ್ಯವಾಗಿದೆ. ಮುಂಬಯಿಯಲ್ಲಿ ಈ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದ ಇರಾನಿ ಮನೆತನದವರು, ವಿದೇಶೀ ವಾಹನಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ, ಇಲ್ಲಿಯೇ ತಯಾರಿಸುವ ಸಾಹಸಕ್ಕೆ ಕೈಹಾಕಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹ ದೊರೆಯಿತು. ರುಸ್ತುಂ ಇರಾನಿ, ಫಾರೂಕ್ ಇರಾನಿ ಅವರ ಐಡಿಯಲ್ ಜಾವಾ ಸಂಸ್ಥೆ 1960ರಲ್ಲಿ ಹುಟ್ಟಿ, ಮೈಸೂರಿನ ಯಾದವಗಿರಿಯ ಕಾರ್ಖಾನೆ 1961ರಲ್ಲಿ ಒಡೆಯರ್ ಅವರ ಹಸ್ತದಿಂದಲೇ ಉದ್ಘಾಟನೆಗೊಂಡಿತು. ಸಾಬೂನು, ಗಂಧದೆಣ್ಣೆ, ರೇಷ್ಮೆಗಳಿಗೆ ಹೆಸರಾದ ಊರು ಹೀಗೆ ಮೋಟಾರು ಸೈಕಲ್ಲಿಗೂ ಹೆಸರಾಯಿತು. ಝೆಕ್ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದ ಮುಗಿದ ಮೇಲೆ, 1973ರ ಸುಮಾರಿಗೆ, ಗಾಡಿಯ ಹೆಸರು ಯೆಜ್ದಿ ಎಂದಾಯಿತು. ಇರಾನಿ ಮನೆತನದ ಮೂಲಕ್ಕೆ ತಕ್ಕಂತೆ ಇರಾನಿನ ಯಜ್ದ್ ನಗರದಿಂದ ಈ ಹೆಸರು ಬಂತೆನ್ನುತ್ತಾರೆ. ಝೆಕ್ ಭಾಷೆಯಲ್ಲಿ 'ಯೆಜ್ದೀ' ಎಂದರೆ 'ಓಡುತ್ತದೆ' ಎಂದೂ ಅರ್ಥವಿದೆ. ಶ್ಲೇಷೆಯನ್ನು ಇಷ್ಟಪಡುವವರು ಎರಡನ್ನೂ ಇಟ್ಟುಕೊಳ್ಳಬಹುದು.

ಇನ್ನು ನಮ್ಮ ಮನೆಯ ಗಾಡಿಯ ಸಂಗತಿ. ಒಂದು ಸಿಲಿಂಡರು, ಎರಡು ಸೈಲೆನ್ಸರು, ನಾಲ್ಕು ಗೇರು, ಹದಿನಾರು ಇಂಚಿನ ಚಕ್ರಗಳು. ಕಿಕ್ಕರ್ ಎಂದು ಬೇರೆ ಕಡ್ಡಿ ಇರಲಿಲ್ಲ; ಗೇರಿನ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಕ್ಲಚ್ಚನ್ನು ಹಿಡಿಯದೆಯೇ ಗೇರು ಬದಲಿಸಬಹುದಾದ ಏರ್ಪಾಟೂ ಇತ್ತು. ಚೈನು ಪೂರ್ತಿಯಾಗಿ ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿದ್ದುದರಿಂದ ನಮ್ಮ ಸೀಮೆಯ ಧೂಳು ಅದನ್ನು ಮುಟ್ಟುತ್ತಿರಲಿಲ್ಲ; ಸವಾರನ ಪಂಚೆಗೆ ಎಣ್ಣೆಯ ಕಲೆಯೂ ಆಗುತ್ತಿರಲಿಲ್ಲ. ಪಂಕ್ಚರ್ ಆದರೆ ಚೈನನ್ನು ಕದಲಿಸದೆ ಹಿಂದಿನ ಚಕ್ರವೊಂದನ್ನೇ ಬಿಚ್ಚಿ ತೆಗೆಯಬಹುದಿತ್ತು. ಇದನ್ನು ರೂಪಿಸಿದವನು ಯಾರೋ ಹಳ್ಳಿಯ ರಸ್ತೆಯಲ್ಲಿ ಒಂದು ಸಂಜೆಯನ್ನಾದರೂ ಕಳೆದವನಿರಬೇಕು ಎಂದು ನಮ್ಮ ತಂದೆಯವರು ಹೇಳುತ್ತಿದ್ದರು.

ಅದು ಟೂ ಸ್ಟ್ರೋಕ್ ಎಂಜಿನ್ನು. ಕವಾಟಗಳಿಲ್ಲ, ಒಳಗೆ ಚಲಿಸುವ ಭಾಗಗಳು ಬೆರಳೆಣಿಕೆಯಷ್ಟು. ಎಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಕುಡಿಸಬೇಕು. ನಾವು ಲೀಟರಿಗೆ 40 ಮಿಲಿಲೀಟರಿನಂತೆ ಹಾಕುತ್ತಿದ್ದೆವು. ಈ ಎಣ್ಣೆಯ ಲೆಕ್ಕದಲ್ಲೇ ಗಾಡಿಯ ಆಯುಸ್ಸು ಅಡಗಿತ್ತು. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗಿನ ಬಾಯಿಗೆ ಮಸಿ ಕಟ್ಟಿ ಕಿಡಿ ಆರುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಬಹಳ ಹೊತ್ತು ಇಳಿಯುವಂತಿಲ್ಲ, ಏಕೆಂದರೆ ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಂತೆ. ನಾನು ಮೊದಲ ಸಲ ಶಿರಾಡಿ ಘಾಟಿ ಇಳಿಯಲು ಹೊರಟಾಗ ತಂದೆಯವರು ಬಸ್ಸಿನ ವೇಳೆ, ಊಟದ ಬುತ್ತಿ ಯಾವುದನ್ನೂ ವಿಚಾರಿಸದೆ, "ನಡುನಡುವೆ ಒಂದಿಷ್ಟು ಆಕ್ಸಿಲರೇಟರ್ ಕೊಡುತ್ತಾ ಇಳಿ ಕಣೋ, ಅದಕ್ಕೂ ಬಾಯಾರುತ್ತೆ" ಎಂದಷ್ಟೇ ಹೇಳಿ ಕಳಿಸಿದ್ದರು.

ಸುಖದ ಮಾತಿಗೆ ಬಂದರೆ, ಈ ಗಾಡಿಯ ಸುಖ ಗಂಟೆಗೆ 50 ಕಿಲೋಮೀಟರಿನವರೆಗಿನ ಸುಖ. ಅಷ್ಟರೊಳಗೆ ಅದು ಎತ್ತರದ ಹಸುವಿನಂತೆ ತೂಗುತ್ತಾ ಹೋಗುತ್ತದೆ. ಮೀರಿದರೆ ಹಿಡಿಕೆಯಲ್ಲಿ ನಡುಕ ಶುರುವಾಗಿ, ಹಾಸನ ತಲುಪುವ ಹೊತ್ತಿಗೆ ಅಂಗೈ ಜುಮ್ಮೆನ್ನುತ್ತದೆ. ಚಕ್ರ ಚಿಕ್ಕದಾದ್ದರಿಂದ ದೊಡ್ಡ ಗುಂಡಿಯೊಳಗೆ ಪೂರ್ತಿ ಇಳಿದೇ ಮೇಲೇಳಬೇಕು. ರಾತ್ರಿಯ ಪಾಡಂತೂ ಹೇಳತೀರದು. ಆರು ವೋಲ್ಟಿನ ಡೈನಮೋ ಕೊಡುವ ಬೆಳಕಿನಲ್ಲಿ ರಸ್ತೆಗಿಂತ ಹೆಚ್ಚಾಗಿ ನೆನಪನ್ನೇ ನಂಬಿ ಓಡಿಸಬೇಕಾಗಿತ್ತು.

ಆದರೂ ಅದನ್ನು ಎಲ್ಲರೂ ನೆಚ್ಚಿದರು. ನೆಚ್ಚಿಕೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ವಿಚಾರಿಸಬೇಕು. ಗಾಡಿ ಕೆಡುತ್ತಿರಲಿಲ್ಲ ಎಂದರೆ ಶುದ್ಧ ಸುಳ್ಳು. ವಾರಕ್ಕೊಂದು ಬಗೆಯ ತಕರಾರು ಇದ್ದೇ ಇರುತ್ತಿತ್ತು: ಪಾಯಿಂಟಿನ ನಡುವಣ ಸಂದು ಹೆಚ್ಚುಕಡಿಮೆಯಾಗುವುದು, ಕಾರ್ಬುರೇಟರಿನ ಜೆಟ್ಟಿನಲ್ಲಿ ಕಸ ಸಿಕ್ಕುವುದು, ಕ್ಲಚ್ ವೈರು ಹರಿಯುವುದು. ಆದರೆ ಕೆಟ್ಟದ್ದು ಎಲ್ಲಿ ಕೆಟ್ಟಿದೆಯೆಂದು ಸವಾರನಿಗೆ ಗೊತ್ತಾಗುತ್ತಿತ್ತು. ಪ್ಲಗ್ಗು, ಸ್ಪ್ಯಾನರು, ಒಂದು ತುಂಡು ಮರಳು ಕಾಗದ, ಒಂದಿಷ್ಟು ತಂತಿ, ಇಷ್ಟಿದ್ದರೆ ಹತ್ತರಲ್ಲಿ ಒಂಬತ್ತು ರೋಗಕ್ಕೆ ಔಷಧವಿದ್ದಂತೆ. ಉಳಿದ ಒಂದಕ್ಕೆ ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ, ಅರಸೀಕೆರೆಯಿಂದ ಚನ್ನರಾಯಪಟ್ಟಣದ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ತಗಡಿನ ಶೀಟು ಹೊದಿಸಿದ ಗ್ಯಾರೇಜೊಂದಿತ್ತು. ಬಾಣಾವರ, ಜಾವಗಲ್ಲು, ಹಳೇಬೀಡು, ಬೇಲೂರು, ಎಲ್ಲಿ ಹೋದರೂ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಅಂಥದೊಂದು ಶೀಟಿನ ಮರೆ, ಅದರ ಕೆಳಗೆ ಕೈಯೆಲ್ಲ ಗ್ರೀಸಾದ ಒಬ್ಬ ಮನುಷ್ಯ ಇದ್ದೇ ಇರುತ್ತಿದ್ದ. ನಾವು ನೆಚ್ಚಿದ್ದು ಯಂತ್ರವನ್ನಲ್ಲ. ಆ ರಸ್ತೆಯುದ್ದಕ್ಕೂ ಹರಡಿಕೊಂಡಿದ್ದ ಈ ತಿಳಿವಳಿಕೆಯನ್ನು. ಯಂತ್ರ ಅದರ ಒಂದು ಭಾಗ ಮಾತ್ರ.

ಇಲ್ಲಿಯವರೆಗೆ ಹೇಳಿ ನಿಲ್ಲಿಸಿದ್ದರೆ ಈ ಭಾಷಣ ಹಿರಿಯರಿಗೆ ಪ್ರಿಯವಾಗಿರುತ್ತಿತ್ತು. ಆದರೆ 1989ರ ಒಂದು ರಾತ್ರಿಯನ್ನು ಬಿಟ್ಟು ನಾನು ಈ ಗಾಡಿಯ ಚರಿತ್ರೆ ಹೇಳುವಂತಿಲ್ಲ.

ಅಂದು ರಾತ್ರಿ ಹನ್ನೊಂದರ ಸುಮಾರಿಗೆ ತಂದೆಯವರಿಗೆ ಎದೆ ನೋವು ಕಾಣಿಸಿಕೊಂಡಿತು. ಕಡೆಯ ಬಸ್ಸು ಹೋಗಿಯಾಗಿತ್ತು. ಊರಿನಲ್ಲಿದ್ದ ಒಂದೇ ಕಾರು ಮದುವೆಯ ಕೆಲಸಕ್ಕೆ ಹೊರಗೆ ಹೋಗಿತ್ತು. ತಂದೆಯವರನ್ನು ನಡುವೆ ಕೂರಿಸಿಕೊಂಡು, ಹಿಂದೆ ನನ್ನ ತಮ್ಮ ಅವರನ್ನು ತಬ್ಬಿ ಹಿಡಿದು, ಹಾಸನದ ಆಸ್ಪತ್ರೆಗೆಂದು ಹೊರಟೆವು. ಹ್ಯಾಂಡ್‌ಪೋಸ್ಟ್ ದಾಟಿ ಮೂರು ನಾಲ್ಕು ಮೈಲಿ ಹೋಗುವಷ್ಟರಲ್ಲಿ ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು. ತಪ್ಪು ಗಾಡಿಯದಲ್ಲ, ನನ್ನದು. ಅದರ ಹಿಂದಿನ ವಾರ ಯಾರೋ ಪರಿಚಿತರ ಗಾಡಿಯ ಪಿಸ್ಟನ್ ಕಚ್ಚಿಕೊಂಡ ಸುದ್ದಿ ಕೇಳಿ ಹೆದರಿ, ಎಣ್ಣೆಯನ್ನು ಒಂದು ಕೈ ಹೆಚ್ಚಾಗಿಯೇ ಬೆರೆಸಿದ್ದೆ. ಅದರ ಮೇಲೆ ಮೂರು ಜನರ ಭಾರ, ನಿಧಾನದ ನಡೆ. ಪ್ಲಗ್ಗು ಮಸಿ ಕಟ್ಟಿತ್ತು. ಪೆಟ್ಟಿಗೆಯಲ್ಲಿದ್ದ ಇನ್ನೊಂದು ಪ್ಲಗ್ಗು ಅದಕ್ಕಿಂತಲೂ ಹಳೆಯದು.

ತಂದೆಯವರನ್ನು ಮೋರಿಯ ಕಟ್ಟೆಯ ಮೇಲೆ ಕೂರಿಸಿದೆವು. ತಮ್ಮ ಟಾರ್ಚು ಹಿಡಿದ. ಕಾದ ಪ್ಲಗ್ಗನ್ನು ಬಿಚ್ಚಿ, ಉಜ್ಜಿ, ಪಂಚೆಯ ತುದಿಯಿಂದ ಒರೆಸಿ, ಬೆಂಕಿಕಡ್ಡಿ ಗೀರಿ ಅದರ ಬಾಯಿ ಕಾಯಿಸಿ, ಮತ್ತೆ ಕೂರಿಸಬೇಕು. ನನ್ನ ಕೈ ನಡುಗುತ್ತಿತ್ತು. ಬೆವರಿನಲ್ಲಿ ನೆನೆದಿದ್ದ ತಂದೆಯವರು, ಎದೆಯ ಮೇಲೆ ಒಂದು ಕೈ ಇಟ್ಟುಕೊಂಡೇ, "ಆತುರ ಮಾಡಬೇಡ, ಎಳೆ ತಪ್ಪಿ ಕೂತೀತು, ಮೊದಲು ಕೈಯಲ್ಲೇ ತಿರುಗಿಸು" ಎಂದರು. ಎಲ್ಲ ಸೇರಿ ಇಪ್ಪತ್ತು ನಿಮಿಷವಾಗಿರಬಹುದು. ಗಾಡಿ ಹೊತ್ತಿಕೊಂಡಿತು, ಹಾಸನ ತಲುಪಿದೆವು, ತಂದೆಯವರು ಉಳಿದರು. ಆಮೇಲೆ ಹನ್ನೊಂದು ವರ್ಷ ಬದುಕಿದ್ದರು. ಹಳೆಯ ಗಾಡಿಯನ್ನು ಹೊಗಳುವವರು ಈ ಕಥೆಯನ್ನು ಕೇಳಿ, ನೋಡಿ, ದಾರಿಯಲ್ಲೇ ದುರಸ್ತಿಯಾಯಿತಲ್ಲ, ಅದೇ ಅದರ ಹೆಚ್ಚುಗಾರಿಕೆ ಎನ್ನುತ್ತಾರೆ. ತಂದೆಯವರು ಸಹ ಹಾಗೆಯೇ ಹೇಳಿಕೊಂಡು ತಿರುಗುತ್ತಿದ್ದರು. ನನಗೆ ಮಾತ್ರ ನೆನಪಾಗುವುದು ಆ ಇಪ್ಪತ್ತು ನಿಮಿಷ. ಸವಾರನ ಕೈಯ ಒಂದು ಅಳತೆ ತಪ್ಪಿದರೆ ನಿಂತುಬಿಡುವ ಯಂತ್ರವನ್ನು, ಸರಿಪಡಿಸುವುದು ಸುಲಭವೆಂಬ ಒಂದೇ ಕಾರಣಕ್ಕೆ ನೆಚ್ಚತಕ್ಕದ್ದು ಎನ್ನಲು ಅಂದಿನಿಂದ ನನಗೆ ಬಾಯಿ ಬರುವುದಿಲ್ಲ.

ಆ ಹೊತ್ತಿಗಾಗಲೇ ಕಾಲ ಬದಲಾಗುತ್ತಿತ್ತು. 1978ರಲ್ಲಿ ಬಂದಿದ್ದ ಯೆಜ್ದಿ ರೋಡ್‌ಕಿಂಗ್ 16 ಅಶ್ವಶಕ್ತಿಯ ಗಟ್ಟಿ ಗಾಡಿ. ಹೆಸರಿಗೆ ತಕ್ಕಂತೆ ದೂರದ ದಾರಿಗೆ ಹೇಳಿ ಮಾಡಿಸಿದ್ದು. ಆದರೆ 1984–85ರಲ್ಲಿ ಜಪಾನಿನ ಸಂಸ್ಥೆಗಳ ಸಹಯೋಗದ 100 ಸಿ.ಸಿ. ಗಾಡಿಗಳು ಒಂದರ ಹಿಂದೊಂದು ಬಂದವು: ಇಂಡ್ ಸುಜುಕಿ, ಹೀರೋ ಹೋಂಡಾ, ಯಮಾಹಾ. ನಮ್ಮ ಜಾವಾ ಲೀಟರಿಗೆ 30–35 ಕಿಲೋಮೀಟರ್ ಓಡಿದರೆ ಹೆಚ್ಚು. ಫೋರ್ ಸ್ಟ್ರೋಕಿನ ಹೀರೋ ಹೋಂಡಾ ಅದರ ಎರಡರಷ್ಟನ್ನು ಲೀಲಾಜಾಲವಾಗಿ ಓಡುತ್ತಿತ್ತು. ಎಣ್ಣೆ ಬೆರೆಸುವ ಗೋಜಿಲ್ಲ, ಹೊಗೆಯಿಲ್ಲ. ಸಂಬಳದ ಮೇಲೆ ಬದುಕುವ ಮೇಷ್ಟರುಗಳು ಕಾವ್ಯಾನುಭವಕ್ಕಾಗಿ ಪೆಟ್ರೋಲು ಸುಡಲಾರರಷ್ಟೆ. ಹೊಗೆಯ ಮೇಲಿನ ಸರ್ಕಾರದ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ತಯಾರಿಕೆಯನ್ನು ನಿಲ್ಲಿಸಿತು. ಗಾಡಿಗಳು ಮಾತ್ರ ನಿಲ್ಲಲಿಲ್ಲ. ಈಗಲೂ ಜುಲೈ ತಿಂಗಳ ಎರಡನೆಯ ಭಾನುವಾರ ಹಳೆಯ ಜಾವಾಗಳ ಒಡೆಯರು ಊರೂರುಗಳಲ್ಲಿ ಕೂಡಿ ಮೆರವಣಿಗೆ ಹೊರಡುತ್ತಾರೆ.

ಹೆಸರು ಮತ್ತೆ ಎದ್ದು ಬಂದದ್ದು 2018ರ ನವೆಂಬರಿನಲ್ಲಿ. ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಹೊಸ ಜಾವಾವನ್ನು ಹೊರತಂದಿತು. ಅದರ ಪಾಲುದಾರರಲ್ಲಿ ಒಬ್ಬರಾದ ಬೊಮನ್ ಇರಾನಿ ಅವರು ಮೈಸೂರಿನ ಕಾರ್ಖಾನೆಯನ್ನು ಕಟ್ಟಿದ ರುಸ್ತುಂ ಇರಾನಿ ಅವರ ಮಗ. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಯೆಜ್ದಿ ಹೆಸರೂ 2022ರ ಜನವರಿಯಲ್ಲಿ 334 ಸಿ.ಸಿ.ಯ ಮೂರು ಮಾದರಿಗಳಾಗಿ ಮರಳಿತು. ಅವುಗಳಲ್ಲಿ ಅಡ್ವೆಂಚರ್ ಎಂಬುದು ದೂರದ ಪ್ರಯಾಣಕ್ಕೆಂದೇ ಹುಟ್ಟಿದ್ದು. ಪೇರಾಕ್ ಎಂಬ ಹೆಸರನ್ನೂ ಎಬ್ಬಿಸಿದ್ದಾರೆ. ಆದರೆ ಹೊಸ ಪೇರಾಕ್ ಒಬ್ಬನೇ ಕೂರುವ ಗಾಡಿ. ಹೆಂಡತಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಅನುಭವಿಸುವ ಸುಖದ ವಿಚಾರದಲ್ಲಿ ನಾನು ಏನನ್ನೂ ಹೇಳಲಾರೆ.

ನನ್ನ ಮಗ ಕೊಂಡ ಗಾಡಿಯನ್ನು ದೂರದಿಂದ ಕಂಡರೆ ನಮ್ಮ ಹಳೆಯದರ ತಮ್ಮನಂತೆಯೇ ಇದೆ. ಅದೇ ತೊಟ್ಟಿಯ ಬಳುಕು, ಅದೇ ಎರಡು ಸೈಲೆನ್ಸರು. ಒಳಗಿನ ಸಂಗತಿ ಬೇರೆ. 293 ಸಿ.ಸಿ.ಯ ಫೋರ್ ಸ್ಟ್ರೋಕ್ ಎಂಜಿನ್ನು, ಸುಮಾರು 27 ಅಶ್ವಶಕ್ತಿ, ಆರು ಗೇರು, ನೀರಿನಿಂದ ತಂಪಾಗುವ ಏರ್ಪಾಟು. ನೀರು ತಂಪು ಮಾಡುವಾಗ ಸಿಲಿಂಡರಿನ ಮೇಲೆ ಗಾಳಿಯಾಡಲು ಅಷ್ಟೊಂದು ಗೀರುಗಳೇಕೆ? ಹಳೆಯದನ್ನು ನೆನಪಿಸಲೆಂದು. ಹೊಸಗನ್ನಡದಲ್ಲಿ ಬರೆದು ಕಂದಪದ್ಯದ ಸಾಲುಗಳಂತೆ ಮುರಿದಿಟ್ಟ ಕವಿತೆಯನ್ನು ಕಂಡಾಗ ಆಗುವಂಥ ಭಾವನೆ ನನಗಾಯಿತು. ಕವಿತೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದರ ನೆಪದಲ್ಲಿ ಒಂದು ಭಾನುವಾರ ನಾನೂ ಮಗನೂ ಎರಡೂ ಗಾಡಿಗಳನ್ನು ತೆಗೆದುಕೊಂಡು ಗಂಡಸಿಯಿಂದ ಹೊರಟೆವು. ಅರಸೀಕೆರೆ, ಬಾಣಾವರ, ಜಾವಗಲ್ಲಿನ ಮೇಲೆ ಹಳೇಬೀಡಿಗೆ. ಅಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರಿಗೆ. ಹೋಗುವಾಗ ನಾನು ಹಳೆಯದರ ಮೇಲೆ, ಬರುವಾಗ ಹೊಸದರ ಮೇಲೆ ಎಂದು ಕರಾರು. ಒಂದೇ ದಿನ, ಒಂದೇ ರಸ್ತೆ, ಒಂದೇ ಬೆನ್ನು. ಇದಕ್ಕಿಂತ ನ್ಯಾಯವಾದ ಪರೀಕ್ಷೆ ಯಾವುದು?

ಹೋಗುವಾಗ ನನಗೊಂದು ಆಶ್ಚರ್ಯ ಕಾದಿತ್ತು. ಹಳೆಯ ಗಾಡಿ ನನ್ನ ನೆನಪಿನಲ್ಲಿದ್ದುದಕ್ಕಿಂತ ಹಿತವಾಗಿತ್ತು. ಜಾವಗಲ್ಲಿನವರೆಗೂ ಮೈ ನೋಯಲಿಲ್ಲ. ಕಾರಣ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು: ನಾನು ಆ ದಾರಿಯಲ್ಲಿ ತಿರುಗುತ್ತಿದ್ದ ಕಾಲದಲ್ಲಿ ಇದ್ದುದು ಜಲ್ಲಿ ಎದ್ದ ಕಿರಿದಾದ ರಸ್ತೆ. ಈಗ ಡಾಂಬರು ನುಣುಪಾಗಿ ಹರಡಿದೆ. ನಾವು ಹಳೆಯ ಗಾಡಿಯ ಮೇಲೆ ಹೊರಿಸಿದ ಎಷ್ಟೋ ಆಯಾಸ ರಸ್ತೆಯದು. ಹೊಸ ಗಾಡಿಗೆ ಸಲ್ಲಿಸುತ್ತಿರುವ ಎಷ್ಟೋ ಹೊಗಳಿಕೆಯೂ ರಸ್ತೆಯದೇ. ಈ ಮಾತನ್ನು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು, ಸೀರೆಯ ಸೆರಗನ್ನು ಚಕ್ರಕ್ಕೆ ಸಿಕ್ಕದಂತೆ ಸುತ್ತಿಕೊಂಡು, ಹತ್ತು ಹದಿನೈದು ವರ್ಷ ಆ ಸೀಟಿನ ಮೇಲೆ ಒಂದು ಮಗ್ಗುಲಾಗಿ ಕುಳಿತವರು ಅವರು. "ಹಿಂದೆ ಕೂತವರನ್ನ ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆನಲ್ಲ" ಎಂದರು.

ಬರುವಾಗ ಹೊಸದನ್ನು ಹತ್ತಿದೆ. ಅದರ ಸುಖ ಬೇರೆ ಜಾತಿಯದು. ಹಳೆಯದು ಗುಂಡಿಯನ್ನು ತೂಗಿ ದಾಟಿಸಿದರೆ ಇದು ಗುಂಡಿಯ ಮೇಲೆ ಹಿಡಿತ ಸಾಧಿಸಿ ದಾಟಿಸುತ್ತದೆ. 80ರಲ್ಲಿ ಹೋದರೂ ಅಂಗೈಯಲ್ಲಿ ಜುಮ್ಮಿಲ್ಲ. ಬಾಣಾವರದ ಬಳಿ ಕತ್ತಲಾಯಿತು. ಹೆಡ್‌ಲೈಟು ಹಾಕಿದಾಗ ಎದುರಿನ ತೆಂಗಿನ ಮರಗಳ ಬುಡಗಳು ಒಂದೊಂದಾಗಿ ಎಣಿಸುವಂತೆ ಕಂಡವು. ಅಡ್ಡ ಬಂದ ಎಮ್ಮೆಗೆ ಬ್ರೇಕು ಒತ್ತಿದರೆ ಚಕ್ರ ಜಾರದೆ ಗಾಡಿ ನೆಟ್ಟಗೆ ನಿಂತಿತು. ಈ ಬಗೆಯ ಬ್ರೇಕನ್ನು 125 ಸಿ.ಸಿ.ಗೆ ಮೇಲ್ಪಟ್ಟ ಗಾಡಿಗಳಿಗೆಲ್ಲ 2019ರಿಂದ ಸರ್ಕಾರ ಕಡ್ಡಾಯ ಮಾಡಿದೆಯೆಂದು ಮಗ ಹೇಳಿದ. ಹಳೆಯದಾಗಿದ್ದರೆ ನಾನು ಎಮ್ಮೆಯ ಮೇಲೋ ಚರಂಡಿಯಲ್ಲೋ ಇರುತ್ತಿದ್ದೆ. ಹಳೇಬೀಡಿನ ಗುಡಿಯಲ್ಲಿ ಬಳಪದ ಕಲ್ಲಿನ ಕಂಬಗಳನ್ನು ಚರಕಿಯ ಮೇಲೆ ತಿರುಗಿಸಿ ಕಡೆದಿದ್ದಾರೆ. ಯಂತ್ರ ಸೇರಿದ ಮಾತ್ರಕ್ಕೆ ಕಂಬದ ಚೆಲುವೇನೂ ಕುಂದಿಲ್ಲ. ಇದನ್ನು ಬೆಳಿಗ್ಗೆ ಅಲ್ಲಿ ನಿಂತು ನೋಡಿ ಬಂದಿದ್ದೆನಾದ್ದರಿಂದ, ಸಂಜೆ ಹೊಸ ಗಾಡಿಯ ಹೆಚ್ಚುಗಾರಿಕೆಯನ್ನು ಒಪ್ಪಿಕೊಳ್ಳಲು ನನಗೆ ಅಷ್ಟು ಸಂಕೋಚವಾಗಲಿಲ್ಲ.

ಹೊಸದಕ್ಕೆ ಸಹ ಅದರದೇ ಆದ ಹಟವಿದೆ. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಮಗ ಗಂಡಸಿಗೆ ಬಂದಿದ್ದ. ಗಾಡಿಯನ್ನು ಎರಡು ತಿಂಗಳು ಮುಟ್ಟದೆ ನಿಲ್ಲಿಸಿದ್ದೆವು. ಸಹಜವಾಗಿಯೇ ಬ್ಯಾಟರಿ ಇಳಿದಿತ್ತು. ಅದಕ್ಕೆ ಕಿಕ್ಕರ್ ಇಲ್ಲ. ತಳ್ಳಿದರೂ ಪ್ರಯೋಜನವಿಲ್ಲ, ಏಕೆಂದರೆ ಪೆಟ್ರೋಲನ್ನು ಎಂಜಿನ್ನಿಗೆ ಚಿಮ್ಮಿಸುವ ಪಂಪಿಗೇ ವಿದ್ಯುತ್ತು ಬೇಕು. ನಾವಿಬ್ಬರೂ ಅದರ ಸುತ್ತ ಪ್ರದಕ್ಷಿಣೆ ಬಂದೆವು. ಬಿಚ್ಚಲು ಕಾರ್ಬುರೇಟರ್ ಇಲ್ಲ, ಉಜ್ಜಲು ಪಾಯಿಂಟಿಲ್ಲ. ಅಂದು ಹೆಂಡತಿಯ ರಕ್ತದೊತ್ತಡದ ಮಾತ್ರೆಗಳನ್ನು ಅರಸೀಕೆರೆಯಿಂದ ತಂದದ್ದು ಮೂರನೆಯ ಕಿಕ್ಕಿಗೆ ಹೊತ್ತಿಕೊಂಡ 1966ರ ಗಾಡಿಯೇ. ಮಾರನೆಯ ದಿನ ಪಕ್ಕದ ಮನೆಯವರ ಟ್ರಾಕ್ಟರಿನ ಬ್ಯಾಟರಿಯಿಂದ ವೈರು ಎಳೆದು ಹೊಸದನ್ನು ಎಬ್ಬಿಸಿದೆವು. ಆಮೇಲೆ ಇಂದಿನವರೆಗೆ ಅದು ಒಮ್ಮೆಯೂ ದಾರಿಯಲ್ಲಿ ನಿಂತಿಲ್ಲ. ನಿಂತರೆ ನಾನು ಮಾಡಬಹುದಾದದ್ದು ಒಂದೇ: ನೆರಳು ನೋಡಿ ಕೂರುವುದು. ಹಳೆಯದು ಸವಾರನಿಂದ ವಿದ್ಯೆಯನ್ನು ಕೇಳುತ್ತಿತ್ತು. ಇದು ಸಹನೆಯನ್ನು ಕೇಳುತ್ತದೆ, ಅದೂ ಅಪರೂಪಕ್ಕೆ.

ಹಾಗಾದರೆ ನನ್ನ ತೀರ್ಪೇನು ಎಂದು ನೀವು ಕೇಳಬಹುದು. ಶಾಸನ ಹುಡುಕಲು ಹೊರಟ ಭಾನುವಾರಕ್ಕೆ, ತಡವಾದರೆ ಯಾರೂ ಕಾಯದ ದಾರಿಗೆ, ನನಗೆ ಈಗಲೂ ಹಳೆಯ ಜಾವಾವೇ ಸಾಕು. ಆದರೆ ಹನ್ನೊಂದು ಗಂಟೆಯ ರಾತ್ರಿಯಲ್ಲಿ ತಂದೆಯವರನ್ನು ಮತ್ತೊಮ್ಮೆ ಹಾಸನಕ್ಕೆ ಕರೆದೊಯ್ಯಬೇಕಾಗಿ ಬಂದರೆ, ಕೊಟ್ಟಿಗೆಯ ಬಾಗಿಲು ತೆರೆದು ನಾನು ಕೈಹಾಕುವುದು ಹೊಸದಕ್ಕೆ. ಈ ಮಾತಿನಲ್ಲಿ ನನಗೆ ಅನುಮಾನವಿಲ್ಲ. ಬಹುಶಃ ತಂದೆಯವರು ಒಪ್ಪುತ್ತಿರಲಿಲ್ಲ.

ಮೊನ್ನೆ ಹ್ಯಾಂಡ್‌ಪೋಸ್ಟಿನ ಆ ಹಳೆಯ ಮೆಕ್ಯಾನಿಕ್ಕನ್ನು ಕಾಣಲು ಎರಡೂ ಗಾಡಿಗಳೊಡನೆ ಹೋಗಿದ್ದೆವು. ಅವರಿಗೂ ವಯಸ್ಸಾಗಿದೆ, ಗ್ಯಾರೇಜನ್ನು ಅಳಿಯ ನೋಡಿಕೊಳ್ಳುತ್ತಾನೆ. ಹೊಸ ಗಾಡಿಯನ್ನು ಸ್ಟಾರ್ಟ್ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಬಹಳ ಹೊತ್ತು ಆಲಿಸಿದರು. "ಒಳಗೆ ಏನೂ ಕೇಳಿಸ್ತಿಲ್ಲ ಮೇಷ್ಟ್ರೇ, ಚೆನ್ನಾಗಿದೆ" ಎಂದರು. ಆಮೇಲೆ ಹಳೆಯದರತ್ತ ತಿರುಗಿದರು. ಸ್ಕ್ರೂಡ್ರೈವರನ್ನು ತಾಗಿಸಲೂ ಇಲ್ಲ. "ಪಾಯಿಂಟು ಸ್ವಲ್ಪ ಹತ್ತಿರ ಬಂದಿದೆ, ಶನಿವಾರ ಬೆಳಿಗ್ಗೆ ತಂದುಬಿಡಿ, ನಾನೇ ಇರ್ತೀನಿ" ಎಂದರು.